ಎಲ್ಲ ಬೆಂಕಿಗೂ ‘ಶಾರ್ಟ್ ಸರ್ಕ್ಯೂಟ್’ ಕಾರಣವೇ? ಬೂದಿಯಲ್ಲಿ ಉತ್ತರ ಹುಡುಕುವುದು ಹೀಗೆ

ಇಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ರಸ್ತೆ ಮಧ್ಯೆ ಕಾರೊಂದು ಧಗಧಗನೆ ಉರಿಯುತ್ತಿದೆ. ಕೆಳಗೊಂದು ಸಾಲು: ‘ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಪೆಟ್ರೋಲ್ ಹಾಕಿಸಿದ್ದಕ್ಕೆ ಸ್ಫೋಟ, ತಪ್ಪದೇ ಎಲ್ಲರಿಗೂ ಕಳಿಸಿ’. ಇನ್ನೊಂದು ಗ್ರೂಪಿನಲ್ಲಿ ಅದೇ ವಿಡಿಯೊಗೆ ‘ಶಾರ್ಟ್ ಸರ್ಕ್ಯೂಟ್’ ಎಂಬ ತಲೆಬರಹ. ಮೂರನೆಯದರಲ್ಲಿ ‘ಯಾರೋ ಬೇಕೆಂದೇ ಹಚ್ಚಿದ್ದು’. ಬೆಂಕಿ ಒಂದೇ, ಕಾರಣ ಮಾತ್ರ ಮೂರು!

ಮೊದಲನೆಯದನ್ನು ಸುಲಭವಾಗಿ ತಳ್ಳಿಹಾಕಬಹುದು. ಪೆಟ್ರೋಲ್ ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳಲು ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಬೇಕು. ನಮ್ಮ ಊರಿನ ಯಾವ ಬಿಸಿಲೂ ಅದರ ಹತ್ತಿರ ಹೋಗುವುದಿಲ್ಲ. ಇಂಡಿಯನ್ ಆಯಿಲ್ ಹೆಸರಿನಲ್ಲಿ ವರ್ಷವರ್ಷವೂ ಸುತ್ತುವ ಈ ‘ಎಚ್ಚರಿಕೆ’ಯನ್ನು ಆ ಸಂಸ್ಥೆಯೇ ನಿರಾಕರಿಸಿದೆ.

ಇನ್ನುಳಿದ ಎರಡು? ನಾಗಮಂಗಲ, ಕೆ.ಆರ್. ಪೇಟೆ ಕಡೆಯವರಿಗೆ ಹೊಳೆಯಬಹುದಾದ ನಾಲ್ಕನೆಯ ಕಾರಣವೂ ಒಂದಿದೆ. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆ ಮೇಲೆ ಹರಡಿ ಒಕ್ಕಣೆ ಮಾಡುವುದುಂಟು. ಅದರ ಮೇಲೆ ಹಾದುಹೋಗುವ ಕಾರಿನ ಚಕ್ರದ ದಂಡಕ್ಕೆ ಒಣ ಹುರುಳಿ ಬಳ್ಳಿ ಸುತ್ತಿಕೊಳ್ಳುತ್ತದೆ. ಪಕ್ಕದಲ್ಲೇ ನೂರಾರು ಡಿಗ್ರಿ ಬಿಸಿಯಾಗಿರುವ ಸೈಲೆನ್ಸರ್ ಕೊಳವೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರಿನ ಅಡಿಯಿಂದ ಹೊಗೆ, ಆಮೇಲೆ ಬೆಂಕಿ.

ಸುಟ್ಟ ಕಾರಿನ ಅಡಿಗೆ ಬಗ್ಗಿ ನೋಡಿದವರಿಗೆ ದಂಡಕ್ಕೆ ಬಿಗಿದುಕೊಂಡ ಕರಕಲು ಬಳ್ಳಿ ಸಿಗುತ್ತದೆ. ಬೆಂಕಿ ತನಿಖೆ ಮಾಡುವ ವಿಧಿವಿಜ್ಞಾನಿಯ ಕೆಲಸ ಅದೇ, ಬಗ್ಗಿ ನೋಡುವುದು. ಅವರು ಹೇಗೆ ಯೋಚಿಸುತ್ತಾರೆ ಎಂದು ತಿಳಿದರೆ ನಮ್ಮ ಫೋನಿಗೆ ಬರುವ ಅರ್ಧಕ್ಕರ್ಧ ‘ಕಾರಣ’ಗಳನ್ನು ನಾವೇ ಜರಡಿ ಹಿಡಿಯಬಹುದು.

ಬೆಂಕಿ ತನ್ನ ಸಾಕ್ಷಿಯನ್ನು ತಾನೇ ತಿನ್ನುತ್ತದೆ

ಕಳ್ಳತನವಾದ ಮನೆಯಲ್ಲಿ ಬೆರಳಚ್ಚು ಇರುತ್ತದೆ, ಮುರಿದ ಬೀಗ ಇರುತ್ತದೆ. ಬೆಂಕಿ ಬಿದ್ದ ಮನೆಯಲ್ಲಿ ಸಾಕ್ಷಿಯ ಬಹುಪಾಲು ಸುಟ್ಟುಹೋಗಿರುತ್ತದೆ. ಉಳಿದದ್ದು ಬೆಂಕಿ ನಂದಿಸಿದ ನೀರಿನಲ್ಲಿ ಕೊಚ್ಚಿಹೋಗಿರುತ್ತದೆ. ಅದರ ಮೇಲೆ ನೋಡಲು ಬಂದ ನೂರು ಜನರ ಹೆಜ್ಜೆ. ತನಿಖೆ ಶುರುವಾಗುವುದೇ ಈ ಸ್ಥಿತಿಯಲ್ಲಿ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಯಂಥ ನಗರಗಳಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಿವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮು, 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬರಬೇಕು, ಅದರ ವಿಡಿಯೊ ಚಿತ್ರೀಕರಣವೂ ಆಗಬೇಕು ಎನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷಗಳ ಕಾಲಾವಕಾಶವಿದೆ. ಮನೆಗೆ ಬೇಕೆಂದೇ ಬೆಂಕಿ ಹಚ್ಚುವುದು ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿನಡಿ ಜೀವಾವಧಿಯವರೆಗೂ ಶಿಕ್ಷೆಯಾಗಬಹುದಾದ ಅಪರಾಧ. ಆದ್ದರಿಂದ ‘ಹಚ್ಚಿದ್ದೋ, ಹತ್ತಿಕೊಂಡದ್ದೋ’ ಎಂಬ ಪ್ರಶ್ನೆ ಹರಟೆಯ ವಿಷಯವಲ್ಲ. ಒಬ್ಬರ ಇಡೀ ಬದುಕು ಅದರ ಮೇಲೆ ನಿಂತಿರುತ್ತದೆ.

ಮೊದಲು ‘ಎಲ್ಲಿ’, ಆಮೇಲೆ ‘ಏಕೆ’

ನಾವು ಕೇಳುವ ಮೊದಲ ಪ್ರಶ್ನೆ ‘ಯಾರು?’. ತನಿಖೆಗಾರರ ಮೊದಲ ಪ್ರಶ್ನೆ ‘ಎಲ್ಲಿ?’. ಬೆಂಕಿ ಶುರುವಾದ ಜಾಗ ಗೊತ್ತಾಗದೆ ಕಾರಣ ಹೇಳುವುದು ಬರೀ ಊಹೆ.

ಬಿಸಿ ಗಾಳಿ ಮೇಲಕ್ಕೂ ಹೊರಕ್ಕೂ ಹರಡುವುದರಿಂದ ಗೋಡೆಯ ಮೇಲೆ ಹಲವು ಸಲ ಬೀಸಣಿಗೆಯ ಆಕಾರದ ಕಲೆ ಮೂಡುತ್ತದೆ. ಅದರ ಕಿರಿದಾದ ತುದಿ ಬೆಂಕಿಯ ಬುಡದ ಕಡೆಗೆ ಬೆರಳು ತೋರುತ್ತದೆ. ಮರದ ಕಂಬದ ಯಾವ ಮಗ್ಗುಲು ಹೆಚ್ಚು ಸುಟ್ಟಿದೆ, ಯಾವ ಪಾತ್ರೆ ಕರಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ತಾಮ್ರಕ್ಕೆ 1,085 ಡಿಗ್ರಿ ಬೇಕು. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆ ಕರಗಿ, ಪಕ್ಕದ ತಾಮ್ರದ ಚೆಂಬು ಹಾಗೇ ಉಳಿದಿದ್ದರೆ ಅಲ್ಲಿ ಬಿಸಿ ಎಷ್ಟಿತ್ತೆಂಬ ಅಂದಾಜು ಸಿಗುತ್ತದೆ.

ಆದರೆ ಇಲ್ಲೊಂದು ದೊಡ್ಡ ಮೋಸವಿದೆ. ಮುಚ್ಚಿದ ಕೋಣೆಯಲ್ಲಿ ಬೆಂಕಿ ಬೆಳೆದಂತೆ ಸೂರಿನಡಿ ಬಿಸಿ ಹೊಗೆ ಶೇಖರವಾಗುತ್ತದೆ. ಅದರ ಬಿಸಿ ಸುಮಾರು 600 ಡಿಗ್ರಿ ಮುಟ್ಟಿದಾಗ ಕೋಣೆಯಲ್ಲಿರುವ ಹಾಸಿಗೆ, ಬಟ್ಟೆ, ಕುರ್ಚಿ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಇದಕ್ಕೆ ‘ಫ್ಲ್ಯಾಶ್‌ಓವರ್’ ಎನ್ನುತ್ತಾರೆ. ಅದಾದ ಮೇಲೆ ನೆಲವೂ ಸುಡುತ್ತದೆ, ಕಿಟಕಿ ಬಾಗಿಲಿನಿಂದ ಗಾಳಿ ನುಗ್ಗುವ ಕಡೆ ಅತಿ ಹೆಚ್ಚು ಸುಡುತ್ತದೆ. ಆಗ ‘ಇಲ್ಲೇ ಜಾಸ್ತಿ ಸುಟ್ಟಿದೆ, ಇಲ್ಲೇ ಶುರುವಾಗಿದೆ’ ಎನ್ನುವ ಲೆಕ್ಕ ಪೂರ್ತಿ ತಪ್ಪಬಹುದು.

ಶಾರ್ಟ್ ಸರ್ಕ್ಯೂಟ್: ಕಾರಣವೋ, ಪರಿಣಾಮವೋ?

ಬೆಂಕಿಯ ಸುದ್ದಿಗಳಲ್ಲಿ ‘ಶಾರ್ಟ್ ಸರ್ಕ್ಯೂಟ್ ಶಂಕೆ’ ಎಂಬ ಮಾತು ಉಪ್ಪಿನಂತೆ ಬೆರೆತಿರುತ್ತದೆ. ತೊಂದರೆ ಏನೆಂದರೆ, ಬೇರೆ ಯಾವುದೇ ಕಾರಣದಿಂದ ಮನೆ ಹೊತ್ತಿದರೂ ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿ, ತಂತಿಗಳು ಒಂದನ್ನೊಂದು ಮುಟ್ಟಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಅಂದರೆ ಶಾರ್ಟ್ ಸರ್ಕ್ಯೂಟ್ ಆಗಿತ್ತು ಎಂಬುದು ನಿಜವಾದರೂ, ಅದರಿಂದಲೇ ಬೆಂಕಿ ಬಂತು ಎಂದಾಗುವುದಿಲ್ಲ.

ವಿದ್ಯುತ್ ಕಿಡಿಯಿಂದ ಕರಗಿದ ತಾಮ್ರದ ತುದಿಯಲ್ಲಿ ಸಣ್ಣ, ನುಣುಪಾದ ಮಣಿ ಮೂಡುತ್ತದೆ. ಕರಗಿದ ಭಾಗಕ್ಕೂ ಕರಗದ ಭಾಗಕ್ಕೂ ನಡುವೆ ಸ್ಪಷ್ಟ ಗೆರೆ ಇರುತ್ತದೆ. ಬರೀ ಬೆಂಕಿಯ ಶಾಖಕ್ಕೆ ಕರಗಿದ ತಂತಿ ಉದ್ದಕ್ಕೂ ತೆಳ್ಳಗಾಗಿ, ಅಡ್ಡಾದಿಡ್ಡಿ ಇಳಿದಿರುತ್ತದೆ. ಮಣಿ ಸಿಕ್ಕರೆ ಖಚಿತವಾಗುವುದು ಒಂದೇ: ಆ ಹೊತ್ತಿನಲ್ಲಿ ಅಲ್ಲಿ ಕರೆಂಟ್ ಇತ್ತು. ಮನೆಯ ಯಾವ ಯಾವ ತಂತಿಯಲ್ಲಿ, ಮೀಟರಿನಿಂದ ಎಷ್ಟು ದೂರದಲ್ಲಿ ಮಣಿಗಳಿವೆ ಎಂದು ನಕ್ಷೆ ಮಾಡಿದಾಗ, ಬೆಂಕಿ ಯಾವ ಕಡೆಯ ತಂತಿಯನ್ನು ಮೊದಲು ಮುಟ್ಟಿತು ಎಂಬ ಸುಳಿವು ಸಿಗುತ್ತದೆ.

ನಿಜಕ್ಕೂ ವಿದ್ಯುತ್ತಿನಿಂದಲೇ ಬೆಂಕಿ ಬಂದಾಗಲೂ ತಪ್ಪಿತಸ್ಥ ಬೇರೆಯೇ ಇರಬಹುದು. ಸಡಿಲವಾದ ಸ್ಕ್ರೂ, ಸುಟ್ಟ ಪ್ಲಗ್ ಪಾಯಿಂಟ್, ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹೀಟರ್, ಇಸ್ತ್ರಿಪೆಟ್ಟಿಗೆ ಎರಡೂ. ಸಡಿಲ ಜೋಡಣೆಯಲ್ಲಿ ಹರಿಯುವ ಕರೆಂಟ್ ಹೆಚ್ಚಾಗುವುದಿಲ್ಲ, ಆ ಒಂದು ಜಾಗ ಮಾತ್ರ ಕೆಂಪಗೆ ಕಾಯುತ್ತದೆ. ಹಾಗಾಗಿ ಎಂಸಿಬಿ ಕೆಳಗೆ ಬೀಳದೆಯೂ ಬೆಂಕಿ ಬರಬಹುದು. ‘ಎಂಸಿಬಿ ಹಾಕಿಸಿದ್ದೇವೆ, ಇನ್ನು ಭಯವಿಲ್ಲ’ ಎಂಬುದು ಅರ್ಧ ಸತ್ಯ.

ಹುಲ್ಲಿನ ಮೆದೆ, ಕಬ್ಬಿನ ಗದ್ದೆ

ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಬೇಸಿಗೆಯಲ್ಲಿ ಹುಲ್ಲಿನ ಮೆದೆ ಸುಟ್ಟರೆ ಊರಿನವರು ಮೊದಲು ನೆನೆಯುವುದು ಹಳೆಯ ಜಗಳವನ್ನು. ‘ಅವನೇ ಇಟ್ಟಿರಬೇಕು.’ ಇಡುವವರು ಇಲ್ಲವೆಂದಲ್ಲ. ಎಸೆದ ಬೀಡಿ, ಪಕ್ಕದ ಹೊಲದಲ್ಲಿ ಸುಟ್ಟ ತರಗು, ಆಲೆಮನೆಯ ಕಿಡಿ ಇವೂ ಕಾರಣವಾಗುತ್ತವೆ. ಆದರೆ ಯಾರೂ ಇಡದೆಯೂ ಮೆದೆ ಹೊತ್ತಬಹುದು ಎಂಬುದು ಹಲವರಿಗೆ ಗೊತ್ತಿಲ್ಲ.

ಹುಲ್ಲು ಸರಿಯಾಗಿ ಒಣಗದೆ ಒತ್ತಾಗಿ ಒಟ್ಟಿದಾಗ ಒಳಗಿನ ತೇವದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಗೊಬ್ಬರದ ಗುಂಡಿ ಬಿಸಿಯಾಗುವಂತೆ ಮೆದೆಯ ನಡುಭಾಗವೂ ಬಿಸಿಯಾಗುತ್ತದೆ. ಸುಮಾರು 70 ಡಿಗ್ರಿಗೆ ಜೀವಿಗಳು ಸಾಯುತ್ತವೆ. ಆದರೆ ಅಷ್ಟರಲ್ಲಿ ಹುಲ್ಲು ಗಾಳಿಯ ಆಮ್ಲಜನಕದೊಡನೆ ತಾನೇ ವರ್ತಿಸಿ ಇನ್ನಷ್ಟು ಕಾಯತೊಡಗುತ್ತದೆ. ಶಾಖ ಹೊರಹೋಗಲು ದಾರಿ ಇಲ್ಲದಿದ್ದರೆ ಕೆಲವು ವಾರಗಳಲ್ಲಿ ಒಳಗೇ ಕೆಂಡ. ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯ ರಾಶಿಗಳಿಗೂ ಇದೇ ಅಪಾಯವಿದೆ. ಹೊರಗಿನಿಂದ ಹಚ್ಚಿದ ಮೆದೆ ಹೊರಗಿನಿಂದ ಒಳಕ್ಕೆ ಸುಡುತ್ತದೆ. ತಾನಾಗಿ ಹೊತ್ತಿದ್ದರ ನಡುವೆ ಕರಕಲು ಸುರಂಗ ಇರುತ್ತದೆ, ಸುತ್ತಲಿನ ಹುಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬೆಂಕಿಗೆ ಕೆಲವು ದಿನ ಮೊದಲೇ ಮೆದೆಯಿಂದ ಹಬೆ, ಬೆಲ್ಲ ಸೀದಂಥ ವಾಸನೆ ಬಂದಿತ್ತೇ ಎಂದು ತನಿಖೆಗಾರರು ಮನೆಯವರನ್ನು ಕೇಳುತ್ತಾರೆ. ಈ ವ್ಯತ್ಯಾಸ ನೋಡದೆ ಹೋದರೆ ಎರಡು ಮನೆಗಳ ನಡುವಿನ ದ್ವೇಷ ಇನ್ನೊಂದು ತಲೆಮಾರಿಗೆ ದಾಟುತ್ತದೆ.

ಕಬ್ಬಿನ ಗದ್ದೆಯದು ಬೇರೆ ಕಥೆ. ಜೋತುಬಿದ್ದ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿದರೆ ಕರಗಿದ ಅಲ್ಯೂಮಿನಿಯಂ ಹನಿಗಳು ಒಣಗಿದ ತರಗಿನ ಮೇಲೆ ಬೀಳುತ್ತವೆ. ತಂತಿಯ ಮೇಲೆ ತಾಗಿದ ಗುರುತು, ನೇರ ಕೆಳಗಿನ ಮಣ್ಣಿನಲ್ಲಿ ಲೋಹದ ಸಣ್ಣ ಗುಂಡುಗಳು, ಆ ಜಾಗದಿಂದ ಗಾಳಿ ಬೀಸಿದ ದಿಕ್ಕಿಗೆ ಬೀಸಣಿಗೆಯಂತೆ ಹರಡಿದ ಸುಟ್ಟ ಕೂಳೆ. ಈ ಮೂರೂ ಹೊಂದಿಕೊಂಡರೆ ಕಾರಣ ಬಲವಾಗುತ್ತದೆ. ವಿದ್ಯುತ್ ಅವಘಡಗಳ ಸೂಚನೆ ಮತ್ತು ವಿಚಾರಣೆಗೆ 2003ರ ವಿದ್ಯುತ್ ಕಾಯ್ದೆಯ 161ನೇ ಕಲಮು ಅವಕಾಶ ಮಾಡಿದೆ. ರೈತನ ಪರಿಹಾರದ ಹಾದಿ ಶುರುವಾಗುವುದು ಅಲ್ಲಿಂದ. ಬೇಸರದಲ್ಲಿ ಮರುದಿನವೇ ಗದ್ದೆ ಉತ್ತುಬಿಟ್ಟರೆ ಮಣ್ಣಿನಲ್ಲಿದ್ದ ಆ ಲೋಹದ ಗುಂಡುಗಳೂ ಹೋದವು, ಅವುಗಳ ಜೊತೆ ವಾದವೂ ಹೋಯಿತು.

ಸೀಮೆಎಣ್ಣೆ ವಾಸನೆ ಬಂದರೆ ಸಾಕೇ?

‘ಪೆಟ್ರೋಲ್ ವಾಸನೆ ಬಂತು’ ಎಂಬ ಮಾತು ತನಿಖೆಗೆ ಸುಳಿವು ಅಷ್ಟೇ, ಸಾಕ್ಷಿಯಲ್ಲ. ಸುಟ್ಟ ಫೋಮ್ ಹಾಸಿಗೆ, ಪ್ಲಾಸ್ಟಿಕ್, ಬಣ್ಣ ಇವೂ ಅಂಥದೇ ವಾಸನೆಯ ಅನಿಲಗಳನ್ನು ಬಿಡುತ್ತವೆ. ಆದ್ದರಿಂದ ಬೆಂಕಿ ಶುರುವಾದ ಜಾಗದ ಮಣ್ಣು, ಬಟ್ಟೆ, ಮರದ ಚೂರುಗಳನ್ನು ಗಾಳಿಯಾಡದ ಡಬ್ಬಿ ಅಥವಾ ಗಾಜಿನ ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಸಾಮಾನ್ಯ ಪ್ಲಾಸ್ಟಿಕ್ ಕವರ್ ಆಗದು. ಪೆಟ್ರೋಲಿನ ಆವಿ ಅದರ ಮೂಲಕ ನುಸುಳಿಹೋಗುತ್ತದೆ.

ಪ್ರಯೋಗಾಲಯದಲ್ಲಿ ಡಬ್ಬಿಯನ್ನು ಕಾಯಿಸಿ, ಮೇಲೆದ್ದ ಆವಿಯನ್ನು ಇದ್ದಿಲಿನ ಪಟ್ಟಿಗೆ ಹೀರಿಸಿ, ಗ್ಯಾಸ್ ಕ್ರೊಮೆಟೊಗ್ರಫಿ ಎಂಬ ಯಂತ್ರದಲ್ಲಿ ಅದರ ಒಂದೊಂದು ಘಟಕವನ್ನೂ ಬೇರ್ಪಡಿಸುತ್ತಾರೆ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಒಂದೊಂದರ ಘಟಕಗಳ ಸಾಲು ಒಂದೊಂದು ರೀತಿ. ಜೊತೆಗೆ ಬೆಂಕಿ ತಾಗದ ಮೂಲೆಯಿಂದ ತಂದ ಅದೇ ಬಗೆಯ ಮಣ್ಣು, ಬಟ್ಟೆಯನ್ನೂ ಪರೀಕ್ಷಿಸಿ ಹೋಲಿಸಬೇಕು. ಏಕೆಂದರೆ ದೀಪಕ್ಕೆ, ಪಂಪ್‌ಸೆಟ್ಟಿಗೆ ಎಣ್ಣೆ ಇಟ್ಟುಕೊಂಡ ಮನೆಯ ನೆಲದಲ್ಲಿ ಅದರ ಅಂಶ ಮೊದಲೇ ಇರಬಹುದು.

ತಜ್ಞರೇ ತಪ್ಪಿದಾಗ

ಈ ಎಚ್ಚರ ಏಕೆ ಬೇಕು ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಸಾಕು. 1991ರ ಡಿಸೆಂಬರ್ 23ರಂದು ಟೆಕ್ಸಾಸ್ ರಾಜ್ಯದ ಕಾರ್ಸಿಕಾನಾದಲ್ಲಿ ಮನೆಯೊಂದು ಸುಟ್ಟು ಮೂವರು ಪುಟ್ಟ ಹೆಣ್ಣುಮಕ್ಕಳು ಸತ್ತರು. ತಂದೆ ಕ್ಯಾಮರಾನ್ ಟಾಡ್ ವಿಲ್ಲಿಂಗ್ಹ್ಯಾಮ್ ಹೊರಬಂದು ಬದುಕಿದ. ನೆಲದ ಮೇಲಿನ ಕಲೆ, ಬಲೆಯಂತೆ ಬಿರುಕುಬಿಟ್ಟ ಗಾಜು ಇವನ್ನು ನೋಡಿ, ದ್ರವ ಸುರಿದು ಬೆಂಕಿ ಹಚ್ಚಲಾಗಿದೆ ಎಂದು ತನಿಖೆಗಾರರು ಹೇಳಿದರು. 2004ರ ಫೆಬ್ರವರಿ 17ರಂದು ತಂದೆಗೆ ಮರಣದಂಡನೆಯಾಯಿತು.

ಆದರೆ ಆ ಕಲೆಗಳು ಫ್ಲ್ಯಾಶ್‌ಓವರ್‌ನಿಂದಲೂ ಮೂಡುತ್ತವೆ. ಬಿಸಿ ಗಾಜಿನ ಮೇಲೆ ಅಗ್ನಿಶಾಮಕದ ನೀರು ಬಿದ್ದರೂ ಅಂಥದೇ ಬಿರುಕು ಬರುತ್ತದೆ. ಅವನ್ನು ‘ಹಚ್ಚಿದ ಬೆಂಕಿಯ ಗುರುತು’ ಎಂದು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದರೇ ಹೊರತು ಪರೀಕ್ಷಿಸಿರಲಿಲ್ಲ. ಟೆಕ್ಸಾಸ್‌ನ ವಿಧಿವಿಜ್ಞಾನ ಆಯೋಗಕ್ಕಾಗಿ 2009ರಲ್ಲಿ ವರದಿ ಬರೆದ ಬೆಂಕಿ ತಜ್ಞ ಕ್ರೇಗ್ ಬೇಯ್ಲರ್, ಬೆಂಕಿ ಹಚ್ಚಲಾಗಿದೆ ಎಂಬ ತೀರ್ಮಾನಕ್ಕೆ ವೈಜ್ಞಾನಿಕ ಆಧಾರವಿರಲಿಲ್ಲ ಎಂದರು. ಅಷ್ಟು ಹೊತ್ತಿಗೆ ಆತ ಸತ್ತು 5 ವರ್ಷವಾಗಿತ್ತು.

ಅಂದರೆ ಬಾಯಿಂದ ಬಾಯಿಗೆ ದಾಟಿದ ನಂಬಿಕೆಗಳು ತಜ್ಞರ ನಡುವೆಯೂ ‘ಫಾರ್ವರ್ಡ್’ ಆಗುತ್ತಿದ್ದವು. ನಿಜವಾಗಿ ಮನೆಗಳಿಗೆ ಬೆಂಕಿ ಕೊಟ್ಟು ಪರೀಕ್ಷಿಸತೊಡಗಿದ ಮೇಲಷ್ಟೇ ಈ ವಿದ್ಯೆ ವಿಜ್ಞಾನದ ದಾರಿಗೆ ಬಂದದ್ದು.

‘ಸ್ಟವ್ ಸ್ಫೋಟ’ ಎಂಬ ಸುಲಭದ ಉತ್ತರ

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆ. ಅಪರಾಧ ಅಪಘಾತವೆಂದು ಮುಚ್ಚಿಹೋಗುತ್ತದೆ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಮಹಿಳಾ ಸಂಘಟನೆ ಇದೇ ಪ್ರಶ್ನೆ ಎತ್ತಿತು. ಹೊಸದಾಗಿ ಮದುವೆಯಾದ ಇಷ್ಟೊಂದು ಹೆಣ್ಣುಮಕ್ಕಳು ‘ಸ್ಟವ್ ಸಿಡಿದು’ ಸಾಯುವುದು ಹೇಗೆ? ಅದೇ ಸ್ಟವ್ ಅತ್ತೆಗೆ, ಮಾವನಿಗೆ, ಗಂಡನಿಗೆ ಏಕೆ ಸಿಡಿಯುವುದಿಲ್ಲ?

ಇಲ್ಲಿ ಉತ್ತರ ಸ್ಟವ್‌ನಲ್ಲೂ ಇದೆ, ದೇಹದಲ್ಲೂ ಇದೆ. ಸಿಡಿದಿದ್ದರೆ ಟ್ಯಾಂಕ್ ಹರಿದಿರಬೇಕು, ಚೂರುಗಳು ಚಿಮ್ಮಿರಬೇಕು. ಟ್ಯಾಂಕ್ ಹಾಗೇ ಇದ್ದು, ತಲೆಯ ಮೇಲಿಂದ ಬೆನ್ನಿಗೆ ಎಣ್ಣೆ ಇಳಿದಂಥ ಸುಟ್ಟ ಗಾಯಗಳಿದ್ದರೆ ಕಥೆ ಹೊಂದುವುದಿಲ್ಲ. ಶವಪರೀಕ್ಷೆ ಮಾಡುವ ವೈದ್ಯರು ಶ್ವಾಸನಾಳದಲ್ಲಿ ಮಸಿ ಇದೆಯೇ, ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಸೇರಿದೆಯೇ ಎಂದು ನೋಡುತ್ತಾರೆ. ಇವೆರಡೂ ಇದ್ದರೆ ಬೆಂಕಿ ಬಿದ್ದಾಗ ವ್ಯಕ್ತಿ ಉಸಿರಾಡುತ್ತಿದ್ದರು ಎಂದರ್ಥ. ಮುಚ್ಚಿದ ಮನೆಯ ಬೆಂಕಿಯಲ್ಲಿ ಎರಡೂ ಇಲ್ಲದಿದ್ದರೆ ಬೆಂಕಿಗೆ ಮೊದಲೇ ಸಾವು ಸಂಭವಿಸಿತ್ತೇ ಎಂಬ ಪ್ರಶ್ನೆ ಏಳುತ್ತದೆ.

ಒಂದು ತಪ್ಪು ತಿಳಿವಳಿಕೆಯೂ ಇಲ್ಲೇ ಇದೆ. ಸುಟ್ಟ ದೇಹದ ಕೈಗಳು ಕುಸ್ತಿಗೆ ನಿಂತಂತೆ ಮಡಚಿಕೊಂಡಿರುವ ಫೋಟೊ ಹಾಕಿ ‘ಕೊನೆಗಳಿಗೆಯಲ್ಲಿ ಹೋರಾಡಿದ್ದಾರೆ’ ಎಂದು ಬರೆಯುತ್ತಾರೆ. ಅದು ಶಾಖಕ್ಕೆ ಸ್ನಾಯುಗಳು ಕುಗ್ಗಿದ್ದರಿಂದ ಬರುವ ಭಂಗಿ. ಸತ್ತ ಮೇಲೆ ಸುಟ್ಟರೂ ಹಾಗೇ ಆಗುತ್ತದೆ.

ಮೈಸೂರು, ಬೆಂಗಳೂರು ಕಲಿಸಿದ್ದು

1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಮಂದಿ ಸತ್ತರು. ನಟ ಸಂಜಯ್ ಖಾನ್ ತೀವ್ರವಾಗಿ ಗಾಯಗೊಂಡರು. ಸಡಿಲ ವೈರಿಂಗ್, ಗೋಡೆಗೆ ಹೊದಿಸಿದ್ದ ಗೋಣಿಚೀಲ, ಗಾಳಿ ಹೋಗಲು ದಾರಿ ಇಲ್ಲದ ಕಟ್ಟಡ, ಬೆಂಕಿ ನಂದಿಸುವ ವ್ಯವಸ್ಥೆಯ ಕೊರತೆ ಇವೆಲ್ಲ ಕಾರಣಗಳ ಪಟ್ಟಿಯಲ್ಲಿ ಬಂದವು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವೈರುಗಳು ಹಾದುಹೋಗುವ ಕೊಳವೆಯಿಂದ ಎದ್ದ ದಟ್ಟ ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿತು. ಕೆಲವರು ಕಿಟಕಿಯಿಂದ ಜಿಗಿದರು. 9 ಮಂದಿ ಸತ್ತರು.

ಕಿಡಿ ಎಲ್ಲಿ ಹುಟ್ಟಿತು ಎಂಬುದು ಅರ್ಧ ಪ್ರಶ್ನೆ ಮಾತ್ರ. ಜನ ಏಕೆ ಹೊರಬರಲಾಗಲಿಲ್ಲ ಎಂಬುದು ಇನ್ನರ್ಧ. ‘ಶಾರ್ಟ್ ಸರ್ಕ್ಯೂಟ್’ ಎಂಬ ಒಂದು ಪದ ಈ ಎರಡನೆಯ ಪ್ರಶ್ನೆಯನ್ನು ನುಂಗಿಬಿಡುತ್ತದೆ. ಆಗ ಬೀಗ ಹಾಕಿದ ಬಾಗಿಲಿಗೆ ಯಾರೂ ಹೊಣೆಯಾಗುವುದಿಲ್ಲ.

ಪ್ರಯೋಗಾಲಯ ಹೆಸರು ಹೇಳುವುದಿಲ್ಲ

2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲ ಪಟ್ಟಣದಲ್ಲಿ ಗಣೇಶ ವಿಸರ್ಜನೆ ಮೆರವಣಿಗೆ ವೇಳೆ ಗಲಭೆಯಾಗಿ ಅಂಗಡಿಗಳು, ವಾಹನಗಳು ಸುಟ್ಟವು. ಇಂಥ ರಾತ್ರಿಗಳಲ್ಲಿ ಬೆಂಕಿಗಿಂತ ವೇಗವಾಗಿ ಓಡುವುದು ಫೋನಿನಲ್ಲಿ ಬರುವ ತೀರ್ಪು.

ವಿಧಿವಿಜ್ಞಾನ ಏನು ಹೇಳಬಲ್ಲದು, ಏನು ಹೇಳಲಾರದು ಎಂಬುದನ್ನು ಇಲ್ಲಿ ನೆನಪಿಡಬೇಕು. ಒಂದು ಅಂಗಡಿಯಲ್ಲಿ ಪೆಟ್ರೋಲ್ ಬಳಕೆಯಾಗಿದೆ, ಬೆಂಕಿ ಎರಡು ಕಡೆ ಪ್ರತ್ಯೇಕವಾಗಿ ಶುರುವಾಗಿದೆ ಎಂದು ಅದು ಹೇಳಬಹುದು. ಪಕ್ಕದ ಅಂಗಡಿಗೆ ಯಾರೂ ಹಚ್ಚಿಲ್ಲ, ಗೋಡೆ ದಾಟಿ ಬೆಂಕಿ ಹರಡಿದೆ ಎಂದೂ ಹೇಳಬಹುದು. ಆದರೆ ಯಂತ್ರದಿಂದ ಬರುವ ಗೆರೆಗಳಲ್ಲಿ ಯಾರ ಹೆಸರೂ ಇರುವುದಿಲ್ಲ, ಜಾತಿ ಧರ್ಮವೂ ಇರುವುದಿಲ್ಲ. ಹೆಸರು ಬರಬೇಕಾದದ್ದು ಸಾಕ್ಷಿ, ಕ್ಯಾಮೆರಾ, ವಿಚಾರಣೆಯಿಂದ. ಘಟನೆಯಾದ ಒಂದು ಗಂಟೆಯೊಳಗೆ ‘ಲ್ಯಾಬ್ ರಿಪೋರ್ಟ್ ಬಂದಿದೆ’ ಎಂಬ ಸಂದೇಶ ಬಂದರೆ ಅದು ಸುಳ್ಳೆಂದೇ ತಿಳಿಯಿರಿ. ಮಾದರಿ ಮುಚ್ಚಿ ಮೊಹರು ಮಾಡುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಬೆಂಕಿ ಬಿದ್ದ ಜಾಗದಲ್ಲಿ ನೀವಿದ್ದರೆ

ಮೊದಲು ಜೀವ. 112ಕ್ಕೆ ಕರೆ ಮಾಡಿ, ಜನರನ್ನು ಹೊರತನ್ನಿ. ಹೊಗೆ ತುಂಬಿದ್ದರೆ ನೆಲಕ್ಕೆ ಬಗ್ಗಿ ಸಾಗಿ. ಮನೆ ಬೆಂಕಿಗಳಲ್ಲಿ ಜ್ವಾಲೆಗಿಂತ ಹೊಗೆಯೇ ಹೆಚ್ಚು ಜನರನ್ನು ಕೊಲ್ಲುತ್ತದೆ. ಸುರಕ್ಷಿತ ದೂರದಲ್ಲಿ ನಿಂತು ವಿಡಿಯೊ ತೆಗೆದಿದ್ದರೆ ಅಳಿಸಬೇಡಿ, ಸಂಗೀತ ಸೇರಿಸಬೇಡಿ, ಕತ್ತರಿಸಬೇಡಿ. ಬೆಂಕಿ ಮೊದಲು ಯಾವ ಕಿಟಕಿಯಲ್ಲಿ ಕಂಡಿತು, ಹೊಗೆಯ ಬಣ್ಣ ಏನಿತ್ತು, ಎಷ್ಟು ಹೊತ್ತಿಗೆ ಎಂಬ ಮಾಹಿತಿ ಆ ಮೂಲ ಫೈಲಿನಲ್ಲಿದೆ. ಅದನ್ನು ಗ್ರೂಪಿಗಲ್ಲ, ಪೊಲೀಸರಿಗೆ ಕೊಡಿ. ಬೆಂಕಿ ಆರಿದ ಮೇಲೆ ಮಹಜರು ಆಗುವವರೆಗೆ ಗುಡಿಸಬೇಡಿ, ತಂತಿ ಕತ್ತರಿಸಬೇಡಿ, ಸ್ವಿಚ್‌ಬೋರ್ಡ್ ಕಿತ್ತು ಎಸೆಯಬೇಡಿ.

ಒಳ್ಳೆಯ ಬೆಂಕಿ ತನಿಖೆಗಾರರ ವರದಿಯಲ್ಲಿ ಕೆಲವೊಮ್ಮೆ ‘ಕಾರಣ ನಿರ್ಧರಿಸಲಾಗಿಲ್ಲ’ ಎಂಬ ಸಾಲು ಇರುತ್ತದೆ. ಅದು ಸೋಲಲ್ಲ. ಸುಟ್ಟುಹೋದದ್ದರಲ್ಲಿ ಇಲ್ಲದ ಉತ್ತರವನ್ನು ಕಟ್ಟಿ ಹೇಳಲಿಲ್ಲ ಎಂಬ ಪ್ರಾಮಾಣಿಕತೆ. ವರ್ಷಗಟ್ಟಲೆ ಓದಿ, ಬೂದಿ ಜರಡಿ ಹಿಡಿದು, ಯಂತ್ರದಲ್ಲಿ ಪರೀಕ್ಷಿಸಿದವರೇ ‘ಗೊತ್ತಿಲ್ಲ’ ಎನ್ನಬಲ್ಲರಾದರೆ, 30 ಸೆಕೆಂಡಿನ ವಿಡಿಯೊ ನೋಡಿದ ನಾವೂ ಫಾರ್ವರ್ಡ್ ಒತ್ತುವ ಮುನ್ನ ಅಷ್ಟು ಹೇಳಬಹುದು.